ಬೈಕಿನ ಕೊರಳಿಗೆ ಹಚ್ಚಿದ ವಿಭೂತಿ

ಹಳೆಯ ಕ್ರೂಸರ್ ಬೈಕು ಕೊಳ್ಳುವಾಗ ಏನೇನು ನೋಡಬೇಕು ಎಂದು ಯಾರಾದರೂ ಕೇಳಿದರೆ, ಒಂದು ಒದ್ದೆ ಬಟ್ಟೆ ಹಿಡಿದುಕೊಂಡು ಹೋಗಿ ಎನ್ನುತ್ತೇನೆ. ಉಳಿದದ್ದೆಲ್ಲ ಆಮೇಲೆ. ಆ ಮಧ್ಯಾಹ್ನ ನೆನಪಾದರೆ ಇವತ್ತಿಗೂ ಮೈ ಉರಿಯುತ್ತದೆ.

ಬೈಕು ಬೇಕಾಗಿದ್ದದ್ದು ನಮ್ಮ ಯಜಮಾನರಿಗೆ. ಸೊಂಟದ ಕೀಲಿನ ಆಪರೇಶನ್ ಆದಮೇಲೆ ಎತ್ತರದ ಗಾಡಿಯ ಮೇಲೆ ಕಾಲು ದಾಟಿಸಲು ಅವರಿಗೆ ಆಗುತ್ತಿರಲಿಲ್ಲ. ಸ್ಕೂಟರಿನ ಸಣ್ಣ ಗಾಲಿ ಗುಂಡಿಗೆ ಇಳಿದಾಗಲೆಲ್ಲ ಹಲ್ಲು ಕಚ್ಚುತ್ತಿದ್ದರು. ತಗ್ಗಿನ ಸೀಟು, ಕಾಲು ಮುಂದೆ ಚಾಚಿ ಕೂಡುವ ಗಾಡಿಯೇ ಆಗಬೇಕಿತ್ತು. ದಿನಾ ಮಾಳಮಡ್ಡಿಯಿಂದ ಹೊರಟು, ನನ್ನನ್ನು ಲಕಮನಹಳ್ಳಿಯ ಕಾರ್ಖಾನೆಯಲ್ಲಿ ಇಳಿಸಿ, ಅವರು ರಾಯಾಪುರಕ್ಕೆ ಕೆಲಸಕ್ಕೆ ಹೋಗುತ್ತಾರೆ. ಅಂದರೆ ಗಾಡಿ ಯಾವುದೇ ಇರಲಿ, ಅದರ ಹಿಂದಿನ ಸೀಟು ನನ್ನದು.

ನಮ್ಮ ಓಣಿಯ ತುದಿಯಲ್ಲಿ ಗ್ಯಾರೇಜು ಇಟ್ಟಿರುವ ಭಾಯಿ ಮೊದಲಿನಿಂದಲೂ ನಮ್ಮ ಗಾಡಿಗಳನ್ನು ನೋಡಿಕೊಂಡು ಬಂದವರು. ಹುಬ್ಬಳ್ಳಿಯಲ್ಲಿ ಒಂದು ಗಾಡಿ ಇದೆ ಎಂದು ಗೊತ್ತಾದಾಗ ಅವರೇ ಜೊತೆಗೆ ಬರುತ್ತೇನೆಂದರು.

"ಅಕ್ಕಾರ, ನಾಕಕ್ಕ ಬರ್ರಿ ಅಂದಾರಂದ್ರ ನಾವು ಮೂರಕ್ಕ ಹೋಗೂಣು. ಹೇಳಿದ ಹೊತ್ತಿಗೆ ಎಂಜಿನ್ ಕಾಸಿ ಇಟ್ಟಿರ್ತಾರ. ತಣ್ಣಗಿದ್ದಾಗ ಚಾಲೂ ಆಗೋದ ಖರೇ ಪರೀಕ್ಷಾ."

ಹಾಲಿನ ಲೆಕ್ಕ, ಸಿಲಿಂಡರ್ ಹಚ್ಚಿದ ದಿನ ಬರೆದಿಡುವ ಕ್ಯಾಲೆಂಡರಿನ ಹಿಂಬದಿಯಲ್ಲಿ ಅವರು ಹೇಳಿದ್ದನ್ನೆಲ್ಲ ಬರೆದುಕೊಂಡೆ. ಹೊಗೆಯ ಬಣ್ಣ. ಬ್ರೇಕ್ ಪೆಡಲಿನ ರಬ್ಬರಿನ ಸವೆತ, ಮೀಟರು ತಿರುಚಿದ್ದರೆ ಅದು ಹೇಳಿಬಿಡುತ್ತದೆ. ಚೈನು. ಕೊನೆಗೆ, ಕೊರಳಿನ ನಂಬರು. ಹ್ಯಾಂಡಲನ್ನು ಹೊತ್ತಿರುವ ದಪ್ಪ ಕೊಳವೆಗೆ ಭಾಯಿ ಗಾಡಿಯ ಕೊರಳು ಎನ್ನುತ್ತಾರೆ. ಚೇಸಿಸ್ ನಂಬರು ಕೆತ್ತಿರುವುದು ಅಲ್ಲಿ. ಗಾಡಿ ಎಲ್ಲಿಯಾದರೂ ಜೋರಾಗಿ ಗುದ್ದಿದ್ದರೆ ಸೀಳುವುದೂ ಅಲ್ಲಿಯೇ.

ಗಾಡಿಯ ಮಾಲೀಕ ಹಣೆಯ ತುಂಬ ವಿಭೂತಿ ಧರಿಸಿದ್ದ. ಯಜಮಾನರ ಹಣೆಯ ಮೇಲೂ ಅದನ್ನೇ ನೋಡಿ ಕೈ ಮುಗಿದ. "ಬರ್ರಿ ಅಣ್ಣಾರ, ಶರಣ್ರಿ. ನೀವು ನಮ್ಮವರ ಅದೀರಿ ಹಂಗಾರ. ಲಗೂ ಬಂದದ್ದು ಛಲೋ ಆತು, ಐದಕ್ಕ ಇನ್ನೊಬ್ರು ಬರಾಕತ್ತಾರ." ಅಷ್ಟಕ್ಕೇ ಯಜಮಾನರು ಅರ್ಧ ಕರಗಿದರು.

ಎಂಜಿನ್ ತಣ್ಣಗಿತ್ತು, ಒಂದೇ ಸಲಕ್ಕೆ ಚಾಲೂ ಆಯಿತು. ಹೊಗೆಯೂ ಇರಲಿಲ್ಲ. ಮೀಟರೂ ಗಾಡಿ ಸ್ವಲ್ಪವೇ ಓಡಿದೆ ಎನ್ನುತ್ತಿತ್ತು. ಆದರೆ ಬ್ರೇಕ್ ಪೆಡಲಿನ ರಬ್ಬರು ನಮ್ಮ ಮನೆಯ ಒರಳುಕಲ್ಲಿನ ಹಾಗೆ ನುಣ್ಣಗೆ ಸವೆದಿತ್ತು. ನಾನು ಬೆರಳು ಮಾಡಿ ತೋರಿಸಿದೆ.

"ಇರಲಿ ಬಿಡು," ಎಂದರು ಯಜಮಾನರು. ಅವರು ಆಗಲೇ ಸೀಟಿನ ಮೇಲೆ ಕೂತು ಎರಡೂ ಪಾದ ನೆಲಕ್ಕೆ ಊರಿದ್ದರು. ಎಷ್ಟೋ ತಿಂಗಳ ಮೇಲೆ ಅವರ ಮುಖದಲ್ಲಿ ಅಂಥ ಸಮಾಧಾನ ಕಂಡಿದ್ದೆ. ನಾನು ಬೆರಳು ಹಿಂದೆ ತೆಗೆದುಕೊಂಡೆ.

ಭಾಯಿ ಹ್ಯಾಂಡಲ್ ಹೊರಳಿಸಿ ಬಗ್ಗಿದರು. ಕೊರಳಿನ ಮೇಲೆ ಗೋಡೆಗೆ ಗಿಲಾಯಿ ಮಾಡಿದಂತೆ ದಪ್ಪನೆಯ ವಿಭೂತಿ, ನಡುವೆ ಕುಂಕುಮ, ಅದಕ್ಕೊಂದು ಒಣಗಿದ ಬಿಲ್ವಪತ್ರೆ ಅಂಟಿತ್ತು. ನಂಬರು ಕಾಣುತ್ತಿರಲಿಲ್ಲ. ಭಾಯಿ ಕಿಸೆಯಿಂದ ಬಟ್ಟೆ ತೆಗೆದರು.

"ಏ ಭಾಯಿ, ಅದು ಪೂಜಾದ್ದು ಐತಿ," ಎಂದ ಮಾಲೀಕ, ಅವರ ಬಿಳಿ ಟೋಪಿಯನ್ನೇ ನೋಡುತ್ತ. "ನೀ ಮುಟ್ಟಬ್ಯಾಡ."

"ತಪ್ಪಾತ್ರಿ," ಎಂದು ಭಾಯಿ ಬಟ್ಟೆ ಮಡಿಚಿ ಕಿಸೆಗೆ ಹಾಕಿಕೊಂಡರು. ತಮ್ಮ ಕೆಲಸ ಬಿಟ್ಟು ನಮಗಾಗಿ ಬಂದ ಮನುಷ್ಯ. ಯಜಮಾನರು ಗೋಡೆಯ ಕಡೆ ನೋಡಿದರು. ನಾನೂ ಬಾಯಿ ಬಿಡಲಿಲ್ಲ. ಆ ಮಾಲೀಕನ ಮೇಲೆ ನನಗಿರುವ ಸಿಟ್ಟಿನಷ್ಟೇ ಸಿಟ್ಟು ಆ ಗಳಿಗೆಯ ನಮ್ಮ ಮೇಲೆಯೂ ಇದೆ.

"ಆರ್‌ಸಿ ಸರಿ ಐತೆಲ್ಲ," ಎಂದರು ಯಜಮಾನರು ಮೆಲ್ಲಗೆ. "ಸಂಚಕಾರದ ರೊಕ್ಕ ಕೊಟ್ಟುಬಿಡೂಣೇನು?"

ನಾನು ಆ ವಿಭೂತಿಯನ್ನೇ ನೋಡುತ್ತಿದ್ದೆ. ಮೇಲೆ ಬೆಳ್ಳಗೆ, ಅಂಚಿನಲ್ಲಿ ಧೂಳು ಎಣ್ಣೆ ಕೂಡಿ ಕರ್ರಗೆ, ಪದರಿನ ಮೇಲೆ ಪದರು.

"ಇದನ್ನ ಯಾವಾಗ ಹಚ್ಚೀರಿ?" ಎಂದೆ.

"ದಿನಾ ಮುಂಜಾನೆ ಹಚ್ಚತೇವ್ರಿ ಅಕ್ಕಾರ. ತಪ್ಪಸಂಗಿಲ್ಲ."

"ನಿನ್ನೀದು ಒರಸದ ಇವತ್ತಿಂದು ಹ್ಯಾಂಗ ಹಚ್ಚತೀರಿ?"

ನಮ್ಮ ಮನೆಯಲ್ಲಿ ದೇವರ ಜಗುಲಿ ನನ್ನದು. ದಿನಾ ಬೆಳಿಗ್ಗೆ ಹಿಂದಿನ ದಿನದ ವಿಭೂತಿಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಆಮೇಲೆ ಹೊಸದು ಹಚ್ಚುತ್ತೇನೆ. ಒರೆಸುವುದು ಪೂಜೆಯ ಮೊದಲ ಕೆಲಸ. ಒರೆಸಬಾರದ ವಿಭೂತಿಯನ್ನು ನಾನು ಎಲ್ಲಿಯೂ ಕಂಡಿಲ್ಲ. ಬಾಟಲಿಯ ನೀರಿನಲ್ಲಿ ಸೆರಗಿನ ತುದಿ ನೆನೆಸಿದೆ.

"ಏ, ಏನ ಮಾಡಾಕತ್ತಿ?" ಎಂದರು ಯಜಮಾನರು.

"ಮನ್ಯಾಗ ದಿನಾ ಮಾಡೂದನ್ನ ಮಾಡಾಕತ್ತೇನ್ರಿ."

ಮೂರು ಸಲ ಒರೆಸಬೇಕಾಯಿತು. ಕೆಳಗೆ ಬ್ರಶ್ಶಿನಿಂದ ಬಳಿದ ಕರಿ ಬಣ್ಣ, ಅದರ ಅಡಿಯಲ್ಲಿ ಗಾಯ ಮಾಯ್ದ ಹಾಗೆ ಉಬ್ಬಿದ ವೆಲ್ಡಿಂಗು. ಭಾಯಿ ಮುಟ್ಟಲಿಲ್ಲ. ಕೈ ಹಿಂದೆ ಕಟ್ಟಿಕೊಂಡು ಬಗ್ಗಿ ನೋಡಿದರು.

"ಕೊರಳು ಸೀಳಿತ್ರಿ, ಬೆಸದಾರ. ನಂಬರಿನ್ಯಾಗ ನಾಕು ಅಂಕಿ ಗ್ರೈಂಡರಿಗೆ ಹೋಗ್ಯಾವು. ಹೆದ್ದಾರ್ಯಾಗ ಒಂದು ಛಲೋ ಗುಂಡಿ ಸಿಕ್ಕರ ಸಾಹೇಬ್ರ ಕೈಯಾಗ ಹ್ಯಾಂಡಲ್ ಇರತೈತಿ, ಗಾಡಿ ಹಿಂದ ಉಳೀತೈತಿ, ನಿಮ್ಮನ್ನ ಕರಕೊಂಡು."

"ವಿಭೂತಿ ಒರಸಿದ್ರಿ," ಎಂದ ಮಾಲೀಕ. "ಪಾಪ ಯಾರಿಗೆ ಹತ್ತತೈತಿ ನೋಡಕೋರ್ರಿ."

"ನನಗ ಹತ್ತಲಿ ಬಿಡ್ರಿ. ರಸ್ತಾದಾಗ ತಲಿ ಒಡಕೊಳ್ಳೂದಕ್ಕಿಂತ ಹಗುರ ಐತಿ."

ಫೋನಿನಲ್ಲಿ ಆ ಜಾಗದ ಫೋಟೊ ತೆಗೆದು ಹೊರಬಂದೆವು. ಗೇಟಿನಲ್ಲಿ ತಿರುಗಿ ನೋಡಿದರೆ ಅವನು ವಿಭೂತಿಯ ಗಟ್ಟಿಯನ್ನು ನೀರಿನಲ್ಲಿ ತೇಯ್ದು ಹೆಬ್ಬೆರಳಿನಿಂದ ಮತ್ತೆ ಅದೇ ಜಾಗಕ್ಕೆ ಮೆತ್ತುತ್ತಿದ್ದ. ಅಷ್ಟು ನಿರುಮ್ಮಳವಾಗಿ, ಗೋಡೆಯ ಬಿರುಕು ತುಂಬುವ ಗೌಂಡಿಯ ಹಾಗೆ. ಐದಕ್ಕೆ ಬರುವವರ ಮಾತು ಸುಳ್ಳಲ್ಲ ಎಂದು ಆಗ ತಿಳಿಯಿತು. ನಾನು ಎದುರು ಮನೆಯ ಕಟ್ಟೆಯ ಮೇಲೆ ಕೂತೆ.

"ನಡಿ, ನಮಗ್ಯಾಕ ಬೇಕು?" ಎಂದರು ಯಜಮಾನರು.

"ಸೊಂಟ ನೋಯಾಕತ್ತಿದ್ರ ನೀವು ಹೋಗ್ರಿ. ನಾ ಐದರ ತನಕ ಕೂಡಾಕಿ."

ಅವರು ಹೋಗಲಿಲ್ಲ. ಕೋಲೂರಿ ಪಕ್ಕದಲ್ಲಿ ನಿಂತರು. ಭಾಯಿ ಎಲ್ಲಿಂದಲೋ ಮೂರು ಚಹಾ ತಂದರು. "ಆಗ ನಾವು ಸುಮ್ಮನಿದ್ದದ್ದು ತಪ್ಪಾತು, ಭಾಯಿ," ಎಂದೆ.

"ಚಾ ಆರತೈತ್ರಿ ಅಕ್ಕಾರ," ಎಂದರು ಅವರು.

ಐದು ಹೊಡೆದ ಮೇಲೆ ಗಂಡ ಹೆಂಡತಿ ಒಂದು ಸ್ಕೂಟರಿನಲ್ಲಿ ಬಂದರು. ಆ ಹೆಣ್ಣುಮಗಳು ಇಳಿಯುವ ಮೊದಲೇ ನಾನು ಹೋಗಿ ವಿಷಯ ಹೇಳಿದೆ. ಮಾಲೀಕ ಒಳಗಿನಿಂದ ಧಾವಿಸಿ ಬಂದ.

"ಅವರ ಮಾತು ಕೇಳಬ್ಯಾಡ್ರಿ. ಕಡಿಮಿಗೆ ಕೇಳಿದ್ರು, ಕೊಡಲಿಲ್ಲ. ಅದಕ್ಕ ಉರಿ."

ಆ ಗಂಡಸು ಗೇಟಿನ ಸಂದಿಯಿಂದ ಬೈಕನ್ನು ನೋಡಿದ, ಅದರ ಕೊರಳಿನ ಹಸಿ ವಿಭೂತಿ ನೋಡಿದ, ಅವನ ಕೈ ತಾನಾಗಿ ಭಕ್ತಿಯಿಂದ ಎದೆಗೆ ಹೋಯಿತು. ಇವನಿಗೆ ಹೇಳಿ ಉಪಯೋಗವಿಲ್ಲ ಎನಿಸಿತು. ಫೋನನ್ನು ಅವನ ಹೆಂಡತಿಯ ಕೈಗೆ ಕೊಟ್ಟೆ.

"ಹಿಂದಿನ ಸೀಟಿನ್ಯಾಗ ಕೂಡವರು ಯಾರ್ರೀ?" ಎಂದೆ.

"ನಾನ ರೀ."

ಅವಳು ಎರಡು ಬೆರಳಿನಿಂದ ಫೋಟೊ ಹಿಗ್ಗಿಸಿ ಬಹಳ ಹೊತ್ತು ನೋಡಿದಳು. ಆಮೇಲೆ ಫೋನು ನನಗೆ ಕೊಟ್ಟು, ಸೀರೆಯ ನೆರಿಗೆ ಸರಿಮಾಡಿಕೊಂಡು ಗಂಡನ ಬೆನ್ನಿಗೆ ಹೇಳಿದಳು: "ಗಾಡಿ ತಿರುವ್ರಿ."

ಅವನು ಸ್ಕೂಟರ್ ತಿರುಗಿಸಿದ. ಮಾಲೀಕ ನಮ್ಮನ್ನು ನೋಡುತ್ತ, ಹೆಬ್ಬೆರಳಿಗೆ ಹತ್ತಿದ್ದ ವಿಭೂತಿಯನ್ನು ಪ್ಯಾಂಟಿಗೆ ಒರೆಸಿಕೊಂಡ.