ಎದೆಮಟ್ಟದ ನೀರು

ದೀಪ ಆರಿಸುವ ಮೊದಲು ಅವರು ಎಡಗೈ ಹೆಬ್ಬೆರಳನ್ನು ಗೋಡೆಗೆ ಒತ್ತಿಕೊಳ್ಳುತ್ತಿದ್ದರು. ಒರಗುತ್ತಿರಲಿಲ್ಲ, ಹಿಡಿಯುತ್ತಲೂ ಇರಲಿಲ್ಲ. ಒಂದೇ ಒಂದು ಬೆರಳು. ನಮ್ಮ ಪರೀಕ್ಷಾ ಕೋಣೆಯ ಕಪ್ಪು ಗೋಡೆಯಲ್ಲಿ ಆ ಜಾಗದ ಬಣ್ಣ ಸವೆದು ಕೆಳಗಿನ ಸುಣ್ಣ ಕಾಣುತ್ತಿತ್ತು.

ಅದು ನನ್ನ ಮೊದಲ ಕೆಲಸ. ಅವರು ನಮ್ಮ ತಂಡದ ಹಿರಿಯರು. ಎಲ್ಲರೂ ಮೇಡಂ ಎನ್ನುತ್ತಿದ್ದೆವು. ವಿಮಾನ ನಿಲ್ದಾಣ ಬಂದು ಕೆಲವು ವರ್ಷಗಳಾಗಿದ್ದವು. ದೇವನಹಳ್ಳಿಯ ಹೊರಗೆ, ತಗಡಿನ ಸೂರಿನ ಕಟ್ಟಡವೊಂದರಲ್ಲಿ ನಾವು ಪ್ರೊಜೆಕ್ಟರ್ ತಯಾರಿಸುತ್ತಿದ್ದೆವು. ಯಂತ್ರವನ್ನು ಮೇಜಿನ ಮೇಲೆ ಹೇಗೇ ಇಟ್ಟರೂ ಗೋಡೆಯ ಮೇಲಿನ ಚಿತ್ರ ಸೊಟ್ಟಗಾಗದೆ ನೆಟ್ಟಗೆ ಬೀಳಬೇಕು. ಅದಕ್ಕಾಗಿ ಅದರೊಳಗೆ ವಾಲಿದ್ದನ್ನು ಅರಿಯುವ ಒಂದು ಸೆನ್ಸರ್, ಗೋಡೆಯನ್ನು ನೋಡುವ ಒಂದು ಸಣ್ಣ ಕ್ಯಾಮೆರಾ. ತಲೆಯ ಮೇಲೆ ವಿಮಾನ ಹಾದಾಗಲೆಲ್ಲ ಮೇಜು ಅದುರಿ, ಸೆನ್ಸರ್ ಗಾಬರಿಯಾಗಿ, ಚಿತ್ರ ಕುಣಿಯುತ್ತಿತ್ತು. ಕ್ಯಾಮೆರಾವನ್ನೇ ನಂಬೋಣವೆಂದರೆ, ಚಿತ್ರ ಕಪ್ಪಾದ ಗಳಿಗೆಯಲ್ಲಿ ಅದಕ್ಕೆ ಏನೂ ಕಾಣುತ್ತಿರಲಿಲ್ಲ. ಎರಡರ ಮಾತನ್ನೂ ಕೂಡಿಸಿ, ಯಾವಾಗ ಯಾವುದನ್ನು ಎಷ್ಟು ನಂಬಬೇಕೆಂದು ಯಂತ್ರಕ್ಕೆ ಕಲಿಸಿದವರು ಅವರು.

ವಿಮಾನ ಬಂದರೆ ನಾವು ಪರೀಕ್ಷೆ ನಿಲ್ಲಿಸುತ್ತಿದ್ದೆವು. ಅವರು ವಿಮಾನಕ್ಕಾಗಿಯೇ ಕಾಯುತ್ತಿದ್ದರು. “ಇದು ಚಿಕ್ಕದು, ಬಿಡು. ದೊಡ್ಡದೊಂದು ಬರ್ಲಿ,” ಎನ್ನುತ್ತ ಡಬ್ಬಿಯಿಂದ ಹುರಿಗಡಲೆ ಹಂಚುವರು. ಸೂರು ಗಡಗಡ ಎಂದರೂ ಚಿತ್ರ ಅಲುಗದೆ ನಿಂತ ದಿನ ನನ್ನ ಕಡೆ ತಿರುಗಿ, “ನಿನ್ನ ಮದ್ವೆ ವಿಡಿಯೋ ಇದ್ರಲ್ಲೇ ತೋರ್ಸೋಣ ಕಣೋ. ಮೊದ್ಲು ಯಾರಾದ್ರೂ ಒಪ್ಕೊಳ್ಲಿ,” ಎಂದರು.

ಒಮ್ಮೆ ಹೆಬ್ಬೆರಳಿನ ವಿಷಯ ಕೇಳಿಯೇಬಿಟ್ಟೆ.

“ಗಾರೆಯವರ ಹತ್ರ ಮಟ್ಟ ನೋಡೋ ರಸಮಟ್ಟ ಇರಲ್ವಾ, ಹಂಗೆ ಎಲ್ಲರ ಕಿವಿಯೊಳಗೂ ಒಂದಿರುತ್ತೆ. ಯಾವ ಕಡೆ ಮೇಲೆ, ಯಾವ ಕಡೆ ಕೆಳಗೆ ಅಂತ ಹೇಳುತ್ತೆ. ಹೈಸ್ಕೂಲಲ್ಲಿದ್ದಾಗ ಜ್ವರಕ್ಕೆ ಕೊಟ್ಟ ಇಂಜೆಕ್ಷನ್‌ಗೆ ನಂದು ಎರಡು ಕಡೇನೂ ಹೋಯ್ತು.”

“ಮತ್ತೆ ಹೆಂಗ್ ಮೇಡಂ ನೆಟ್ಟಗೆ ನಿಲ್ತೀರಾ?”

“ಕಣ್ಣು ಅರ್ಧ, ಅಂಗಾಲು ಅರ್ಧ. ಇಬ್ರೂ ಸೇರಿ ಸಂಸಾರ ತೂಗಿಸ್ತಾರೆ. ಕತ್ತಲಾದ್ರೆ ಈ ಬೆರಳು. ಯಾರಿಗೂ ಹೇಳ್ಬೇಡ. ಮನೇಲಿ ಎಲ್ಲಾ ವಾಸಿಯಾಗಿದೆ ಅಂದ್ಕೊಂಡಿದ್ದಾರೆ.”

ಒಂದು ಸೋಮವಾರ ಅವರು ಕೆಲಸಕ್ಕೆ ಬರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಅವರ ತಮ್ಮ ಫೋನು ಮಾಡಿದ. ಹಿಂದಿನ ಸಂಜೆ ಅವರು ಊರಿನ ತೋಟದ ಕೃಷಿ ಹೊಂಡದಲ್ಲಿ ಮುಳುಗಿ ತೀರಿಕೊಂಡಿದ್ದರು.

ಸೂಲಿಬೆಲೆ ದಾಟಿ ಅವರ ಊರು ತಲುಪಿದಾಗ ದೇಹ ಇನ್ನೂ ಆಸ್ಪತ್ರೆಯಿಂದ ಬಂದಿರಲಿಲ್ಲ. ಅಂಗಳದಲ್ಲಿ ಕುಳಿತಿದ್ದವರು ನನ್ನನ್ನು ಕಂಡು ಮಾತು ನಿಲ್ಲಿಸಿದರು. ಒಳಗೆ ಅವರ ತಾಯಿ ಕಾಲು ಚಾಚಿ ಕುಳಿತಿದ್ದರು. ಅಳುತ್ತಿರಲಿಲ್ಲ.

“ಆಫೀಸಲ್ಲಿ ಏನಾದ್ರೂ ಆಗಿತ್ತೇನಪ್ಪಾ?”

“ಏನೂ ಆಗಿರ್ಲಿಲ್ಲಮ್ಮ.”

“ಮತ್ಯಾಕೆ ಹಿಂಗ್ ಮಾಡ್ಕೊಂಡ್ಲು?”

ಆ ಮಾತಿನ ಅರ್ಥ ನನಗೆ ತಡವಾಗಿ ಹೊಳೆಯಿತು. ಮಗಳು ತಾನಾಗಿಯೇ ನೀರಿಗೆ ಬಿದ್ದಳೆಂದು ಅವರು ನಂಬಿದ್ದರು.

ತಮ್ಮ ನನ್ನನ್ನು ಹೊಂಡದ ಬಳಿಗೆ ಕರೆದೊಯ್ದ. ಕಪ್ಪು ಪ್ಲಾಸ್ಟಿಕ್ ಹಾಸಿದ ಇಳಿಜಾರು, ಅದರ ಮೇಲೆ ಪಾಚಿ, ಒಳಗೆ ಹಸಿರುಗಟ್ಟಿದ ನೀರು. ಮೋಟಾರಿನ ಪೈಪು ಪಕ್ಕಕ್ಕೆ ಸರಿದಿತ್ತು. ಅದನ್ನು ಸರಿಮಾಡಲು ಇಳಿದಿರಬೇಕು. ಪಾಚಿಯಲ್ಲಿ ಕಾಲು ಜಾರಿದ ಉದ್ದನೆಯ ಗೀರು ಹಾಗೆಯೇ ಇತ್ತು.

“ಎದೆಮಟ್ಟದ ನೀರು ಸಾರ್. ಎದ್ದು ನಿಂತಿದ್ರೆ ಸಾಕಿತ್ತು. ಚಿಕ್ಕವಳಿದ್ದಾಗ ಬಾವೀಲಿ ನಮ್ಮನ್ನೆಲ್ಲ ಈಜಿ ಸೋಲಿಸ್ತಿದ್ಲು,” ಎಂದ. ಮುಷ್ಟಿ ಕಟ್ಟಿ ತೋರಿಸುತ್ತ, “ಎತ್ತಿದಾಗ ಎರಡೂ ಮುಷ್ಟೀಲಿ ತಳದಲ್ಲಿ ಕೂತಿದ್ದ ಕೆಸರಿತ್ತು. ಮೇಲೆ ಬರಬಾರ್ದು ಅಂತ್ಲೇ ತಳ ಹಿಡ್ಕೊಂಡಿದ್ಲು ಅಂತಾರೆ ಊರೋರು,” ಎಂದ.

ನಾನು ದಡದಲ್ಲೇ ಕುಳಿತುಬಿಟ್ಟೆ. ಆ ನೀರೊಳಗೆ ಮುಳುಗಿದ ಕಣ್ಣಿಗೆ ಎಲ್ಲ ಕಡೆಯೂ ಒಂದೇ ಹಸಿರು. ತೇಲುವ ದೇಹದ ಭಾರ ಅಂಗಾಲಿಗೆ ತಿಳಿಯದು. ಕಿವಿ ಎಂದೋ ಸುಮ್ಮನಾಗಿತ್ತು. ಬಾವಿಯಲ್ಲಿ ಈಜಿದ್ದು ಆ ಜ್ವರಕ್ಕೂ ಮೊದಲು. ಯಾವ ಕಡೆ ಮೇಲೆಂದು ಹೇಳಲು ಅವರೊಳಗೆ ಏನೂ ಉಳಿದಿರಲಿಲ್ಲ. ಅವರು ಈಜಿದ್ದರು. ಇದ್ದ ಬಲವನ್ನೆಲ್ಲ ಹಾಕಿ ಈಜಿದ್ದರು, ಕೆಳಕ್ಕೆ.

ಮನೆಗೆ ಮರಳಿ ತಾಯಿಯ ಎದುರು ಕುಳಿತೆ. ಇದು ನಾನು ಕಣ್ಣಾರೆ ಕಂಡದ್ದಲ್ಲ ಎಂದು ಮೊದಲೇ ಹೇಳಿದೆ. ಆಮೇಲೆ ಕಿವಿಯ ಗುಟ್ಟಿನಿಂದ ಮುಷ್ಟಿಯ ಕೆಸರಿನವರೆಗೆ ಒಂದೊಂದಾಗಿ ವಿವರಿಸಿದೆ. ಮುಗಿದ ಮೇಲೆ ತಾಯಿ ಕೇಳಿದರು:

“ಹಂಗಾದ್ರೆ ಅವಳು ಮೇಲಕ್ಕೆ ಬರೋಕೆ ನೋಡಿದ್ಲಾ?”

“ಹೌದಮ್ಮ. ದಡ ಸಿಕ್ತು ಅಂದ್ಕೊಂಡೇ ಆ ಕೆಸರು ಹಿಡ್ಕೊಂಡಿರ್ತಾರೆ.”

ಅವರು ಮಂಡಿಗೆ ಕೈಯೂರಿ ಎದ್ದರು. ಹೊಸಿಲವರೆಗೆ ನಡೆದು, ಅಂಗಳದಲ್ಲಿದ್ದ ಅಷ್ಟೂ ಜನಕ್ಕೆ ಕೇಳುವಂತೆ ಹೇಳಿದರು: “ನನ್ನ ಮಗಳು ಮೇಲಕ್ಕೆ ಬರ್ತಿದ್ಲು ಕಣ್ರಪ್ಪಾ. ಬರ್ತಿದ್ಲು.”

ಅಷ್ಟು ಹೇಳಿದ ಮೇಲೆಯೇ ಅವರಿಗೆ ಅಳು ಬಂದದ್ದು.