ಚಹಾ ಊಟದ ಲೆಕ್ಕಕ್ಕಿಲ್ಲ

ಸ್ವಲ್ಪ ತಡೆಯಿರಿ. ಅಗಸೆ, ಮೊಳಕೆಕಾಳು, ಎದ್ದ ಕೂಡಲೇ ಬಿಸಿನೀರು ಅಂತ ಹೇಳಿ ಮುಗಿಸುವ ಬರಹ ಇದಲ್ಲ. ಅವೆಲ್ಲ ನನಗೂ ಗೊತ್ತು, ಫೋನಿನಲ್ಲೇ ನೋಡಿ ನೋಡಿ ಕಲಿತದ್ದು. ಕಡೆಗೊಂದು ಬೆಳಗಿನ ಮಾತಿದೆ, ಅದು ಬರುವವರೆಗೆ ಇರಿ.

ನಮ್ಮೂರು ಗಡಿಯಾಚೆ, ಮರಾಠಿ ಸೀಮೆಯ ಔರಾದ ಶಹಾಜನಿ ಹತ್ತಿರ. ಮನೆಯಲ್ಲಿ ಅಪ್ಪ, ಅವ್ವ, ಅಣ್ಣ, ನಾನು. ನಮ್ಮಲ್ಲಿ ಲಿಂಗವನ್ನು ಅಂಗೈಯಲ್ಲಿಟ್ಟು ಪೂಜೆ ಮಾಡಿಕೊಳ್ಳದೆ ಊಟಕ್ಕೆ ಕೂರುವುದಿಲ್ಲ. ಅಪ್ಪನ ಪೂಜೆ ಸ್ನಾನವಾದ ಕೂಡಲೇ ಮುಗಿಯುತ್ತದೆ. ಅವ್ವನದು ಎಲ್ಲರೂ ಉಂಡು, ಪಾತ್ರೆ ತೊಳೆದು, ಎಮ್ಮೆಗೆ ನೀರು ಕುಡಿಸಿದ ಮೇಲೆ. ಅಷ್ಟೊತ್ತಿಗೆ ಬಿಸಿಲು ನೆತ್ತಿಗೆ ಬಂದಿರುತ್ತದೆ. ಆದರೆ ಚಹಾ ಊಟದ ಲೆಕ್ಕಕ್ಕಿಲ್ಲ, ಪೂಜೆಗೆ ಮೊದಲು ನಡೆಯುತ್ತದೆ. ಹಾಗಾಗಿ ಅವ್ವನ ಖಾಲಿ ಹೊಟ್ಟೆಗೆ ಚಹಾದ ಮೇಲೆ ಚಹಾ. ಎದೆಯುರಿ, ಹುಳಿತೇಗು. ಒಮ್ಮೊಮ್ಮೆ ಹೊಟ್ಟೆ ಹಿಡಿದುಕೊಂಡೇ ರೊಟ್ಟಿ ಬಡಿಯುತ್ತಿದ್ದಳು.

ನಾನು ಹುರುಪಿನಿಂದ ಮನೆಯ ಊಟ ಬದಲಿಸಲು ಹೊರಟೆ. ಕರಿದದ್ದು ಕಡಿಮೆ, ರೊಟ್ಟಿಯ ಜೊತೆ ಹಸಿ ಸೌತೆಕಾಯಿ, ಪುಂಡಿಪಲ್ಲೆ, ಮಜ್ಜಿಗೆ. ಅಪ್ಪನ ಹಳೆಯ ಮಲಬದ್ಧತೆ ಹೋಯಿತು. ಕಟ್ಟೆಯ ಮೇಲೆ ಕೂತು ಬಂದವರಿಗೆಲ್ಲ ಹೇಳಿದ, "ನಮ್ಮ ಹುಡಗಿ ಅರ್ಧ ಡಾಕ್ಟರ್ ಆಗ್ಯಾಳ ನೋಡ್ರಿ!" ಅವ್ವನ ಉರಿ ಮಾತ್ರ ಹಾಗೇ ಇತ್ತು. ಅವಳೂ ಅದನ್ನೇ ಉಣ್ಣುತ್ತಿದ್ದಳು, ತಣ್ಣಗಾದ ಮೇಲೆ.

"ಪೂಜಿ ಮದಲೇ ಮಾಡ್ಕೋ ಯವ್ವಾ," ಅಂದೆ.

"ಕುಂತ ಕೂಡ್ಲೇ ಒಬ್ರು ಚಾ ಅಂತಾರ, ಒಬ್ರು ಟಾವೆಲ್ ಅಂತಾರ. ಲಿಂಗ ಕೈಯಾಗ ಹಿಡ್ಕೊಂಡು ಓಡ್ಲ್ಯಾ? ಅದಕ್ಕೇ ಎಲ್ಲಾರ ಬಾಯಿ ಮುಚ್ಚಿಸಿ ಆಮ್ಯಾಲ ಕುಂಡ್ರತೀನಿ."

ಒಂದು ದಿನ ವಾಂತಿ ಮಾಡಿಕೊಂಡಳು. ಅದರಲ್ಲಿ ರಕ್ತದ ಎಳೆ ಇತ್ತು. ಅವತ್ತೇ ಉದಗೀರಕ್ಕೆ ಕರೆದೊಯ್ದೆವು. ಊಟ ಎಷ್ಟೊತ್ತಿಗೆ ಅಂತ ಡಾಕ್ಟರ್ ಮರಾಠಿಯಲ್ಲಿ ಅವ್ವನನ್ನೇ ಕೇಳಿದರು. ಅವಳು ಬಾಯಿ ತೆರೆಯುವ ಮೊದಲೇ ಅಪ್ಪ, "ತಿಲಾ ಘರಾತ ಕಶಾಚೀ ಕಮೀ ನಾಹಿ" ಅಂದ. ಮನೆಯಲ್ಲಿ ಅವಳಿಗೆ ಯಾವುದಕ್ಕೂ ಕಮ್ಮಿ ಇಲ್ಲವಂತೆ! ಇದ್ದದ್ದನ್ನು ನಾನು ಹೇಳಿದೆ. ಪರೀಕ್ಷೆ ಮಾಡಿಸಿದರು. ಹೊಟ್ಟೆಯಲ್ಲಿ ಹುಣ್ಣು. ಮಾತ್ರೆ ಕೊಟ್ಟು, ಖಾಲಿ ಹೊಟ್ಟೆಗೆ ಚಹಾ ಬಂದ್, ಬೆಳಗ್ಗೆ ಬೇಗ ಏನಾದರೂ ತಿನ್ನಲೇಬೇಕು ಅಂದರು. ಇಲ್ಲದಿದ್ದರೆ ಹುಣ್ಣು ಮಾಯುವುದಿಲ್ಲ.

ತಿರುಗಿ ಬರುವಾಗ ಬಸ್ಸಿನಲ್ಲಿ ಮಾತ್ರೆಯ ಚೀಲ ಹಿಡಿದು ಕೂತಿದ್ದ ಅವ್ವನ ಕಡೆ ಅಪ್ಪ ಬಾಗಿದ.

"ಭಾಳ ಹಸಿವ್ಯಾಗ್ಲತ್ತದ. ಮನಿ ಮುಟ್ಟಿದ ಕೂಡ್ಲೇ ಬಿಸಿ ರೊಟ್ಟಿ ಬಡಿ."

ನಾನು ಹೇಳಿದ ಬೆಳಗು ಇದರ ಮರುದಿನದ್ದು. ಒಲೆ ನಾನು ಹಚ್ಚಿದೆ. ಅವ್ವ ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು ಪೂಜೆಗೆ ಕೂತಳು. ಪಕ್ಕದಲ್ಲೇ ಅವಳಿಗೆ ಅಂತ ಜೋಳದ ಅಂಬಲಿ ಮುಚ್ಚಿಟ್ಟೆ. ಅಪ್ಪ ನನ್ನ ಚಹಾ ಒಂದು ಗುಟುಕು ಕುಡಿದು ಕಪ್-ಬಸಿ ಕೆಳಗಿಟ್ಟ.

"ಇದು ಚಾನೋ ಮುಸುರಿ ನೀರೋ? ಏ, ಎಲ್ಲಿದ್ದಿ?"

"ಅವ್ವ ಪೂಜಿಗಿ ಕುಂತಾಳ," ಅಂದೆ.

"ಈಗ್ಯಾಕ? ಇದೇನ್ ಆಕಿ ಪೂಜಿ ಹೊತ್ತಾ?"

ಅಣ್ಣ ನನ್ನನ್ನು ನೋಡಿ ನಕ್ಕ. "ಡಾಕ್ಟರ್ ಬಾಯಿ, ಮದಲ ಚಾ ಮಾಡೂದು ಕಲೀರಿ."

"ಏಳಬ್ಯಾಡ ಯವ್ವಾ," ಅಂದೆ. ಅವಳು ಲಿಂಗವನ್ನು ಕಣ್ಣಿಗೊತ್ತಿಕೊಂಡು, ವಸ್ತ್ರದಲ್ಲಿ ಸುತ್ತಿ, ಕೊರಳಿಗೆ ಹಾಕಿಕೊಂಡು ಎದ್ದಳು. ಅರ್ಧ ಪೂಜೆ ಅಂದರೆ ಆಗಿಲ್ಲ ಅಂತಲೇ, ಅಂಬಲಿ ಮುಟ್ಟುವ ಹಾಗಿಲ್ಲ. ಹೊಸದಾಗಿ ಚಹಾ ಕುದಿಸಿದಳು. ಅವರಿಗೆ ಕೊಟ್ಟು, ಉಳಿದದ್ದನ್ನು ಒಲೆಯ ಹತ್ತಿರ ನಿಂತೇ ಕುಡಿದಳು. ಅಂಬಲಿ ಮಧ್ಯಾಹ್ನದವರೆಗೂ ಅಲ್ಲೇ ಇತ್ತು. ಆಮೇಲೆ ಎಮ್ಮೆಯ ಮುಂದೆ ಸುರಿದೆ.

ಈಗಲೂ ಹಾಗೇ ನಡೆದಿದೆ. ಅಪ್ಪನ ಜೀರ್ಣಶಕ್ತಿ ಚೆನ್ನಾಗಿದೆ. ಅವ್ವ ಮಾತ್ರೆಯನ್ನೂ ಚಹಾದ ಜೊತೆಗೇ ನುಂಗುತ್ತಾಳೆ. ಯಾವ ಕಾಳು ತಿಂದರೆ ಏನು ಗುಣ ಅಂತ ನನ್ನನ್ನು ಕೇಳಬೇಡಿ. ನಿಮ್ಮ ಮನೆಯಲ್ಲಿ ಅಡುಗೆ ಮಾಡಿದವರು ಎಷ್ಟೊತ್ತಿಗೆ ಉಣ್ಣುತ್ತಾರೆ? ಆ ಹೊತ್ತನ್ನು ಬೇಗ ಮಾಡಿಸಲು ಯಾರಿಗಾದರೂ ಸಾಧ್ಯವಾಗಿದ್ದರೆ, ಹೇಗೆ ಮಾಡಿಸಿದಿರಿ ಅಂತ ದಯವಿಟ್ಟು ಬರೆಯಿರಿ.