ಹಳ್ಳದಾಚೆಯ ಟವರ್

ನಮ್ಮ ವೈನಿ ಕಸ್ತೂರಿ, ನನ್ನ ಅಣ್ಣನ ಹೆಂಡತಿ, ನಾಲ್ಕು ವರ್ಷದಿಂದ ಒಬ್ಬರೇ ಹೊಸ್ತಿಲು ದಾಟಿಲ್ಲ. ಅದಕ್ಕೆ ಕಾರಣ ನಾನು. ಅವರು ತಪ್ಪು ಮಾಡಿಲ್ಲವೆಂದು ಎರಡೇ ದಿನದಲ್ಲಿ ನನಗೆ ಗೊತ್ತಾಗಿತ್ತು. ಗೊತ್ತಾಗಿಯೂ — ಬಾಯಿ ಬಿಡಲಿಲ್ಲ.

ನಾನು ಕೆಲಸ ಮಾಡುವುದು ಸಿಂದಗಿಯ ಒಂದು ಸಣ್ಣ ಕಚೇರಿಯಲ್ಲಿ. ಇಂಡಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ಮೊಬೈಲ್ ಟವರ್‌ಗಳೂ ನಮ್ಮ ಕಂಪ್ಯೂಟರಿನಲ್ಲೇ ಕಾಣುತ್ತವೆ. ಬಸ್ಸಿನಲ್ಲಿ ಮಾತಾಡುತ್ತ ಹೋಗುವವರ ಕರೆಯನ್ನು ಒಂದು ಟವರ್ ಮುಂದಿನ ಟವರಿಗೆ ದಾಟಿಸುತ್ತದೆ. ಮಾತಾಡುವವರಿಗೆ ಅದು ತಿಳಿಯುವುದೂ ಇಲ್ಲ. ಅದು ಸರಿಯಾಗಿ ನಡೆಯುವಂತೆ ನೋಡಿಕೊಳ್ಳುವುದು ನನ್ನ ಕೆಲಸ. ಈ ಕೆಲಸಕ್ಕೆ ಸೇರುವಾಗ ಅಣ್ಣ ಬೇಡವೆಂದಿದ್ದ. "ಹೋಗ್ಲಿ ಬಿಡ್ರಿ, ಕಲ್ತದ್ದು ಯಾಕ ಕೆಡಬೇಕು?" ಎಂದು ಅವನನ್ನು ಒಪ್ಪಿಸಿದವರು ವೈನಿ.

ಅವರು ಆಗ ಮೋರಟಗಿಯ ಒಂದು ಶಾಲೆಯಲ್ಲಿ ಪಾಠ ಹೇಳುತ್ತಿದ್ದರು. ಒಂದು ಸಂಜೆ ಅಣ್ಣ ನನ್ನನ್ನು ಹಿತ್ತಲಿಗೆ ಕರೆದ. ವೈನಿಯನ್ನು ಹಿಂದಿನ ದಿನ ಮಧ್ಯಾಹ್ನ, ಶಾಲೆಯ ಹೊತ್ತಿನಲ್ಲೇ, ಹಳ್ಳದಾಚೆಯ ಊರಿನಲ್ಲಿ ಕಂಡಂತಾಯಿತೆಂದು ಯಾರೋ ಅವನ ಕಿವಿಗೆ ಹಾಕಿದ್ದರು.

"ಆಕಿ ಫೋನ್ ಎಲ್ಲಿತ್ತು, ನೋಡಿ ಹೇಳು, ಸುನಂದಾ."

ಹಾಗೆ ನೋಡಿ ಹೇಳುವುದು ಅಪರಾಧ. ಆದರೂ ನೋಡಿದೆ — ಅಣ್ಣ ಮೊದಲ ಸಲ ನನ್ನ ಕೆಲಸಕ್ಕೆ ಬೆಲೆ ಕೊಟ್ಟನೆಂಬ ಹಿಗ್ಗಿನಲ್ಲಿ. ಮಧ್ಯಾಹ್ನ ವೈನಿ ತವರಿನವರೊಡನೆ ಮಾತಾಡಿದ್ದ ಕರೆ ಹಳ್ಳದಾಚೆಯ ಟವರಿನಲ್ಲಿ ದಾಖಲಾಗಿತ್ತು.

"ಖರೇನ?"

"ಮಷಿನ್ ಸುಳ್ಳ ಹೇಳಂಗಿಲ್ಲಣ್ಣ," ಎಂದೆ.



"ನಾ ಸಾಲ್ಯಾಗ ಇದ್ದೆರಿ. ಬೇಕಾರ ಹೋಗಿ ಕೇಳ್ರಿ," ಎಂದು ವೈನಿ ಅಣ್ಣನೆದುರು ನಿಂತು ಹೇಳಿದರು. "ಹೋಗಿ ಕೇಳಿ ಊರ ಮುಂದ ಮಾನ ಕಳಕೊಳ್ಳಲೇನು?" ಎಂದ ಅಣ್ಣ ಅವರ ಫೋನ್ ಕಸಿದು ಕಪಾಟಿನಲ್ಲಿಟ್ಟು ಬೀಗ ಹಾಕಿದ. ಮರುದಿನದಿಂದ ಶಾಲೆಯೂ ಇಲ್ಲ. ಅಂಗಡಿಗೆ ಹೋದರೂ ಜೊತೆಗೆ ಅವ್ವ.

ಎರಡು ದಿನದ ಮೇಲೆ ಕಚೇರಿಯಲ್ಲಿ ವಾರದ ಕೆಲಸದ ಪಟ್ಟಿ ಬರೆಯುತ್ತಿದ್ದೆ. ಆಗ ನೆನಪಾಯಿತು. ಆ ಮಧ್ಯಾಹ್ನ ಮೋರಟಗಿಯ ಟವರಿನಲ್ಲಿ ರಿಪೇರಿ ಇತ್ತು. ಅದನ್ನು ಬಂದ್ ಮಾಡುವ ಮೊದಲು ಅದರ ಮೇಲಿದ್ದ ಕರೆಗಳನ್ನೆಲ್ಲ ಹಳ್ಳದಾಚೆಯ ಟವರಿಗೆ ದಾಟಿಸಿದವಳು ನಾನೇ. ವೈನಿ ಶಾಲೆಯಿಂದ ಕದಲಿರಲಿಲ್ಲ. ದಾಟಿದ್ದು ಅವರ ಕರೆ ಮಾತ್ರ — ನನ್ನ ಕೈಯಿಂದಲೇ.

ಮನೆಗೆ ಓಡಿಹೋಗಿ ಹೇಳಬೇಕಿತ್ತು. ಹೇಳಿದರೆ, ದಾಖಲೆ ತೆಗೆದು ನೋಡಿದ ವಿಷಯ ಕಚೇರಿಗೆ ಮುಟ್ಟೀತು, ಕೆಲಸ ಹೋದೀತು, ನಾನೂ ಅದೇ ನಾಲ್ಕು ಗೋಡೆಯೊಳಗೆ — ಅಲ್ಲಿಗೆ ನನ್ನ ಯೋಚನೆ ನಿಂತುಬಿಡುತ್ತಿತ್ತು. ನಾಳೆ ಹೇಳಿದರಾಯಿತು ಅಂದುಕೊಂಡೆ. ದಿನ ಕಳೆದಷ್ಟೂ ಆ ಮಾತು ಭಾರವಾಯಿತು. ಬೆಳಿಗ್ಗೆ ನಾನು ಚಪ್ಪಲಿ ಮೆಟ್ಟಿ ಹೊರಡುವಾಗ ವೈನಿ ಕಿಟಕಿಯ ಹತ್ತಿರ ನಿಂತಿರುತ್ತಿದ್ದರು. ನಾನು ಆ ಕಡೆ ನೋಡದೆ ನಡೆಯಲು ಕಲಿತೆ.

ಹೋದ ವಾರ ಕಚೇರಿಗೆ ಹೊಸದಾಗಿ ಸೇರಿದ ಇಬ್ಬರಿಗೆ ಕೆಲಸ ತೋರಿಸುತ್ತಿದ್ದೆ. "ಫೋನ್ ಯಾವ ಟವರಿನ್ಯಾಗ ಐತಿ ಅಂತ ಗೊತ್ತಾದ್ರ ಮಂದಿ ಎಲ್ಲಿ ಅದಾರ ಅಂತ ಗೊತ್ತಾದಂಗಲ್ಲ," ಎಂದೆ. ಎಷ್ಟು ಸಲೀಸಾಗಿ ಬಂತು ಬಾಯಿಗೆ! ಎದ್ದು ಹೋಗಿ ಮುಖ ತೊಳೆದುಕೊಂಡೆ.

ಭಾನುವಾರ ವೈನಿ ರೊಟ್ಟಿ ಬಡಿಯುತ್ತಿದ್ದರು. ಪಕ್ಕದಲ್ಲಿ ಕೂತು ಎಲ್ಲವನ್ನೂ ಹೇಳಿದೆ. ಅವರ ಕೈ ನಿಂತಿತು. ಹೆಂಚಿನ ಮೇಲಿನ ರೊಟ್ಟಿ ಹೊತ್ತಿತು, ಇಬ್ಬರೂ ತೆಗೆಯಲಿಲ್ಲ.

"ನನಗ್ಯಾಕ ಹೇಳ್ತಿ, ಸುನಂದಾ?" ಎಂದರು. "ನಾ ಎಲ್ಲಿದ್ದೆ ಅಂತ ನನಗ ಗೊತ್ತೈತಿ."

ಅಣ್ಣ ಅಂಗಳದಲ್ಲಿ ಬೈಕ್ ಒರೆಸುತ್ತಿದ್ದ. ಅವ್ವನನ್ನೂ ಕರೆದು ಅವನೆದುರು ಮೊದಲಿನಿಂದ ಹೇಳಿದೆ. ಅವನು ತಲೆ ಎತ್ತಲಿಲ್ಲ. "ಈಗ ಹೇಳಿ ಏನ್ ಆಗೂದೈತಿ?" ಎಂದು ಒರೆಸಿದ್ದನ್ನೇ ಒರೆಸಿದ.

ಬಾಗಿಲಲ್ಲಿ ವೈನಿ ನಿಂತಿದ್ದರು, ಹಿಟ್ಟಿನ ಕೈ ಮುಂದೆ ಚಾಚಿ. "ನನ್ನ ಫೋನ್ ಕೊಡ್ರಿ."

ಅಣ್ಣ ಒಳಗೆ ಹೋಗಿ ತಂದುಕೊಟ್ಟ. ವೈನಿ ಅದನ್ನು ಸೆರಗಿನಿಂದ ಒರೆಸಿ ಚಾರ್ಜಿಗೆ ಹಚ್ಚಿ, ಎದುರಿಗೇ ಕೂತರು. ಅದು ಇನ್ನೂ ಚಾಲೂ ಆಗಿಲ್ಲ.

ನಾನು ಮಾಡಿದ್ದನ್ನೆಲ್ಲ ಬರೆದು ಈಗಷ್ಟೇ ನನ್ನ ಫೋನಿನಿಂದ ಕಚೇರಿಗೆ ಕಳಿಸಿದ್ದೇನೆ. ಉಳಿದಿರುವುದು ಒಂದು. ಕಳೆದ ವರ್ಷ ಒಮ್ಮೆ ಮನಸ್ಸು ತಡೆಯದೆ ವೈನಿಯ ಹಳೆಯ ನಂಬರಿಗೆ ಕರೆ ಮಾಡಿದ್ದೆ. ಯಾರೋ ಗಂಡಸು ಎತ್ತಿದ. ಬಳಸದೆ ಬಿಟ್ಟ ಆ ನಂಬರನ್ನು ಕಂಪನಿ ಬೇರೆಯವರಿಗೆ ಕೊಟ್ಟಿದೆ, ಅದು ಈಗ ಅವರದಲ್ಲ. ಆ ನಂಬರಿಗಾಗಿಯೇ ಅವರು ಫೋನಿನ ಎದುರು ಕಾಯುತ್ತಿದ್ದಾರೆ. ಇದನ್ನಾದರೂ ಇವತ್ತೇ ಹೇಳಬೇಕು — ಎದ್ದೆ.